ಸಾಲಿನಲ್ಲಿ ನಿಂತವನಿಗೆ ವಕೀಲರುಂಟೆ?

ಬೇಲೂರು ತಾಲ್ಲೂಕಿನ ಬಿಕ್ಕೋಡಿನ ಆಸುಪಾಸಿನ ಕಾಫಿ ತೋಟವೊಂದರಲ್ಲಿ ರಾತ್ರಿ ದರೋಡೆ ನಡೆಯಿತು ಎಂದುಕೊಳ್ಳೋಣ. ಕಾವಲುಗಾರ ಟಾರ್ಚಿನ ಬೆಳಕಿನಲ್ಲಿ ಒಬ್ಬನ ಮುಖವನ್ನು ಅರೆಗಳಿಗೆ ಕಂಡಿದ್ದಾನೆ. ಹೆಸರು ಗೊತ್ತಿಲ್ಲ. ಕೆಲವು ದಿನಗಳ ಮೇಲೆ ಪೊಲೀಸರು ಯಾರನ್ನೋ ದಸ್ತಗಿರಿ ಮಾಡುತ್ತಾರೆ. ಅವನೇ ಇವನೆ?

ಇದನ್ನು ತಿಳಿಯಲು ನಡೆಸುವುದೇ ಗುರುತು ಪತ್ತೆ ಪೆರೇಡ್. ಆರೋಪಿಯನ್ನು ಅವನಂತೆಯೇ ಕಾಣುವ ಹಲವರ ನಡುವೆ ನಿಲ್ಲಿಸಿ, ಸಾಕ್ಷಿಯನ್ನು ಕರೆದು ‘ತೋರಿಸು’ ಎನ್ನುತ್ತಾರೆ. ಕರ್ನಾಟಕದಲ್ಲಿ ಸಾಮಾನ್ಯವಾಗಿ ಇದನ್ನು ನಡೆಸುವವರು ತಾಲ್ಲೂಕು ದಂಡಾಧಿಕಾರಿ, ಅಂದರೆ ಪಹಣಿ, ಖಾತೆಗಳಿಗಾಗಿ ನಾವು ಹುಡುಕಿಕೊಂಡು ಹೋಗುವ ಅದೇ ತಹಸೀಲ್ದಾರರು. ಆ ಸಾಲಿನಲ್ಲಿ ನಿಂತವನು ‘ನನ್ನ ವಕೀಲರೂ ಇಲ್ಲಿರಲಿ’ ಎಂದು ಕೇಳಬಹುದೆ?

ಕೇಳಲು ಕಾರಣವಿದೆ. ಕಣ್ಣು ಮೋಸಹೋಗುತ್ತದೆ. 1896ರಲ್ಲಿ ಲಂಡನ್ನಿನಲ್ಲಿ ಅಡಾಲ್ಫ್ ಬೆಕ್ ಎಂಬಾತನನ್ನು ಹಲವು ಮಹಿಳೆಯರು ‘ನಮ್ಮ ಒಡವೆ ಲಪಟಾಯಿಸಿದವನು ಇವನೇ’ ಎಂದು ಗುರುತಿಸಿದರು. ಏಳು ವರ್ಷ ಶಿಕ್ಷೆಯಾಯಿತು. ಬಿಡುಗಡೆಯಾದ ಮೇಲೆ 1904ರಲ್ಲಿ ಮತ್ತೆ ಅದೇ ಆರೋಪ, ಮತ್ತೆ ಅದೇ ‘ಇವನೇ’! ಅಷ್ಟರಲ್ಲಿ ನಿಜವಾದ ವಂಚಕ ಸಿಕ್ಕಿಬಿದ್ದ. ಇಂಗ್ಲೆಂಡಿಗೆ 1907ರಲ್ಲಿ ಕ್ರಿಮಿನಲ್ ಮೇಲ್ಮನವಿ ನ್ಯಾಯಾಲಯ ಬಂದುದರ ಹಿಂದೆ ಈ ಪ್ರಮಾದವೂ ಇತ್ತು.

ಅಮೆರಿಕದವರು ಕಂಡುಕೊಂಡ ಉಪಾಯ ವಕೀಲರನ್ನು ಒಳಗೆ ಕರೆತರುವುದು. ಟೆಕ್ಸಾಸ್‌ನ ಬ್ಯಾಂಕ್ ದರೋಡೆಯೊಂದರಲ್ಲಿ ವೇಡ್ ಎಂಬ ಆರೋಪಿಯ ಪೆರೇಡ್ ಅವನ ವಕೀಲರಿಗೆ ತಿಳಿಸದೆಯೇ ನಡೆದಿತ್ತು. ಸಾಲು ಸಿದ್ಧವಾಗುವ ಮುನ್ನವೇ ಸಾಕ್ಷಿಗಳು ಅವನನ್ನು ನೋಡಿಬಿಟ್ಟಿದ್ದರು. ಇಂಥ ಪೆರೇಡ್‌ನಲ್ಲಿ ವಕೀಲರ ನೆರವು ಆರೋಪಿಯ ಹಕ್ಕು ಎಂದು 1967ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಹೇಳಿತು. 1972ರಲ್ಲಿ ಅದೇ ನ್ಯಾಯಾಲಯ, ವಿಧ್ಯುಕ್ತವಾಗಿ ಮೊಕದ್ದಮೆ ಆರಂಭವಾದ ನಂತರ ಮಾತ್ರ ಈ ಹಕ್ಕು ಎಂದು ಅದನ್ನು ಮೊಟಕುಗೊಳಿಸಿತು. ಹೆಚ್ಚಿನ ಪೆರೇಡ್‌ಗಳು ಅದಕ್ಕೆ ಮೊದಲೇ ಮುಗಿದಿರುತ್ತವೆ ಎಂಬುದು ಬೇರೆ ಮಾತು.

ನಮ್ಮಲ್ಲಿ ಹಿಡಿದ ದಾರಿ ಇದಕ್ಕೆ ತಿರುವುಮುರುವು: ಪೊಲೀಸರನ್ನು ಹೊರಗೆ ಕಳಿಸುವುದು. ಮುಂಬಯಿಯ ಲಾಯ್ಡ್ಸ್ ಬ್ಯಾಂಕ್ ದರೋಡೆ ಪ್ರಕರಣದಲ್ಲಿ 1954ರಲ್ಲಿ ನಮ್ಮ ಸುಪ್ರೀಂ ಕೋರ್ಟು, ಪೊಲೀಸರ ಎದುರಿನಲ್ಲಿ ಸಾಕ್ಷಿ ಗುರುತಿಸಿದರೆ ಅದು ಅವರಿಗೆ ಕೊಟ್ಟ ಹೇಳಿಕೆಯಂತೆಯೇ ಎಂದಿತು. ಅಂಥ ಹೇಳಿಕೆಯನ್ನು ಸಾಕ್ಷ್ಯವಾಗಿ ಬಳಸುವಂತಿಲ್ಲ. ಹೀಗಾಗಿ ಪೆರೇಡ್ ದಂಡಾಧಿಕಾರಿಗಳ ಕೈಗೆ ಬಂತು. ಆದರೆ ವಕೀಲರ ಮಾತು? ಬಂಧಿತನಿಗೆ ವಕೀಲರನ್ನು ಕಾಣುವ ಹಕ್ಕನ್ನು ಸಂವಿಧಾನದ 22ನೇ ವಿಧಿ ಕೊಟ್ಟಿದೆ. ಪೆರೇಡ್ ಬಗೆಗಿನ 54ಎ ಕಲಮು 2006ರಲ್ಲಿ ಜಾರಿಗೆ ಬಂತು, 2024ರಿಂದ ಅದು ನಾಗರಿಕ ಸುರಕ್ಷಾ ಸಂಹಿತೆಯ 54ನೇ ಕಲಮು. ಎರಡರಲ್ಲೂ ವಕೀಲರ ಹೆಸರಿಲ್ಲ. ಆರೋಪಿ ಸಾಲಿನಲ್ಲಿ ನಿಲ್ಲಲಾರೆ ಎನ್ನುವಂತೆಯೂ ಇಲ್ಲ.

ವಿಚಿತ್ರವೆಂದರೆ, ‘ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ’ ಪ್ರಕರಣದ 2010ರ ತೀರ್ಪಿನ ಪ್ರಕಾರ ಸುಳ್ಳು ಪತ್ತೆ ಪರೀಕ್ಷೆಗೆ ಒಪ್ಪಿಗೆ ಕೊಡುವವನಿಗೆ ವಕೀಲರ ನೆರವು ಇರಲೇಬೇಕು. ಯಂತ್ರದ ಮುಂದೆ ಕೂರುವವನಿಗೆ ಇರುವ ಆಸರೆ ಮನುಷ್ಯನ ಕಣ್ಣಿನ ಮುಂದೆ ನಿಲ್ಲುವವನಿಗಿಲ್ಲ.

ತಹಸೀಲ್ದಾರರು ಎಷ್ಟೇ ನಿಷ್ಠರಾಗಿದ್ದರೂ ಅವರಿಗೆ ಕಾಣುವುದು ಪೆರೇಡಿನ ಹೊತ್ತು ಮಾತ್ರ. ಅದಕ್ಕೆ ಮುಂಚೆ ಠಾಣೆಯ ಜಗುಲಿಯಲ್ಲೋ ಜೀಪಿನಲ್ಲೋ ಆರೋಪಿಯನ್ನು ಸಾಕ್ಷಿಗೆ ತೋರಿಸಿದ್ದರೆ ಅವರಿಗೆ ಹೇಗೆ ತಿಳಿಯಬೇಕು? ವಕೀಲರು ನಿಜವಾಗಿ ಬೇಕಾಗಿರುವುದು ಆ ಹೊತ್ತಿಗೆ. ಬಂಧಿತನನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ತರಬೇಕು. ಕಸ್ಟಡಿಯಲ್ಲಿರುವವನಿಗೆ ಉಚಿತ ಕಾನೂನು ನೆರವೂ ಉಂಟು. ‘ನನ್ನ ಮುಖವನ್ನು ಈಗಾಗಲೇ ತೋರಿಸಿದ್ದಾರೆ’ ಎಂಬ ಆಕ್ಷೇಪವನ್ನು ವಕೀಲರು ಅಲ್ಲಿ ಬರೆಸಿಟ್ಟರೆ, ಮುಂದೆ ವಿಚಾರಣೆಯ ದಿನ ಆ ಕಾವಲುಗಾರ ಕಟಕಟೆಯಲ್ಲಿ ನಿಂತಾಗ ಪಾಟೀಸವಾಲಿಗೆ ಅದೇ ಮೊದಲ ಪ್ರಶ್ನೆಯಾಗುತ್ತದೆ.