ಎರಡನೇ ಸಲ ಪರೀಕ್ಷೆ ಬರೆಯುವವರ ಚರಿತ್ರೆ

ಎಂ.ಬಿ.ಎ. ಪ್ರವೇಶ ಪರೀಕ್ಷೆಯನ್ನು ಎರಡನೇ ಸಲ ಬರೆದವರು ನಮ್ಮ ನಡುವೆ ಬೇಕಾದಷ್ಟು ಜನ ಇದ್ದಾರೆ. ನಾನೂ ಅವರಲ್ಲೊಬ್ಬ. "ಮತ್ತೆ ಬರೀತಿದೀಯಾ?" ಅಂತ ನೆಂಟರು ಕೇಳೋ ಧಾಟಿಯಲ್ಲೇ ಅದೊಂದು ಸೋಲು ಅನ್ನೋ ಭಾವ ಇರುತ್ತೆ. ಆದರೆ ಈ ಪರೀಕ್ಷೆಗಳ ಚರಿತ್ರೆ ಕೆದಕಿದರೆ ಬೇರೆಯದೇ ಕತೆ ಸಿಗುತ್ತೆ.

ಜಿಮ್ಯಾಟ್ ಶುರುವಾಗಿದ್ದು ಅಮೆರಿಕದಲ್ಲಿ, 1954ರಲ್ಲಿ. ಆಗ ಅದರ ಹೆಸರು ಬೇರೆ ಇತ್ತು. ಜಿಮ್ಯಾಟ್ ಅನ್ನೋ ಹೆಸರು ಬಂದದ್ದು 1976ರಲ್ಲಿ. ಪರೀಕ್ಷೆ ನಡೆಸುತ್ತಿದ್ದದ್ದು ಇ.ಟಿ.ಎಸ್. ಸಂಸ್ಥೆ, ಅಂದರೆ ಜಿ.ಆರ್.ಇ., ಟೋಫೆಲ್‌ಗಳನ್ನು ನಡೆಸೋರೇ. ಕಾಗದ-ಪೆನ್ಸಿಲ್ಲಿನ ಕಾಲದಲ್ಲಿ ವರ್ಷಕ್ಕೆ ಕೆಲವೇ ದಿನ ಪರೀಕ್ಷೆ. 1997ರಲ್ಲಿ ಅದು ಕಂಪ್ಯೂಟರಿಗೆ ಬಂದ ಮೇಲೆ ಮತ್ತೆ ಬರೆಯೋದು ಸುಲಭವಾಯಿತು.

ಸುಲಭ ಅಂದರೂ ಒಂದು ಇಕ್ಕಟ್ಟಿತ್ತು. ಪರೀಕ್ಷೆ ಮುಗಿದ ಕೂಡಲೇ ಅಂಕ ರದ್ದು ಮಾಡಬೇಕೇ ಅಂತ ಕಂಪ್ಯೂಟರ್ ಕೇಳುತ್ತಿತ್ತು. ಎಷ್ಟು ಬಂದಿದೆ ಅಂತ ನೋಡುವ ಮೊದಲೇ ಉತ್ತರ ಹೇಳಬೇಕು! ರದ್ದು ಮಾಡಿದರೆ ಅದರ ಗುರುತು ವರದಿಯಲ್ಲಿ ಉಳಿಯುತ್ತಿತ್ತು. ಮಾಡದಿದ್ದರೆ ಐದು ವರ್ಷದ ಅಂಕಗಳೆಲ್ಲ ಕಾಲೇಜಿನವರ ಕಣ್ಣಿಗೆ ಬೀಳುತ್ತಿದ್ದವು.

ಇದು ಸಡಿಲವಾದದ್ದು ಯಾರದೋ ಕರುಣೆಯಿಂದಲ್ಲ, ಪೈಪೋಟಿಯಿಂದ ಅಂತ ನನ್ನ ಲೆಕ್ಕ. 2006ರ ಆರಂಭದಲ್ಲಿ ಜಿಮ್ಯಾಟ್ ಇ.ಟಿ.ಎಸ್. ಕೈತಪ್ಪಿತು. ಅವರು ಸುಮ್ಮನೆ ಕೂರಲಿಲ್ಲ, ತಮ್ಮ ಜಿ.ಆರ್.ಇ.ಯನ್ನೇ ಬಿಸಿನೆಸ್ ಸ್ಕೂಲುಗಳ ಬಾಗಿಲಿಗೆ ಒಯ್ದರು. ಸ್ಟ್ಯಾನ್‌ಫರ್ಡ್ 2006ರಲ್ಲಿ, ಹಾರ್ವರ್ಡ್ 2009ರಲ್ಲಿ ಒಪ್ಪಿಕೊಂಡವು. 2012ರಲ್ಲಿ ಜಿ.ಆರ್.ಇ. ಬರೆದವರಿಗೆ, ಹಲವು ಸಲದ ಅಂಕಗಳಲ್ಲಿ ಬೇಕಾದ್ದನ್ನು ಮಾತ್ರ ಕಳಿಸೋ ಸೌಲಭ್ಯ ಸಿಕ್ಕಿತು. ಎರಡೇ ವರ್ಷಕ್ಕೆ, 2014ರಲ್ಲಿ, ಅಂಕ ನೋಡಿದ ಮೇಲೆ ರದ್ದು ಮಾಡಬಹುದು ಅಂತ ಜಿಮ್ಯಾಟೂ ಹೇಳಿತು. 2015ರಲ್ಲಿ ರದ್ದಾದ ಗುರುತೂ ಮಾಯವಾಯಿತು, ಮತ್ತೆ ಬರೆಯಲು ಕಾಯಬೇಕಾದ ಅವಧಿ 31 ದಿನದಿಂದ 16ಕ್ಕೆ ಇಳಿಯಿತು. 2023ರ ಕೊನೆಗೆ ಬಂದ ಹೊಸ ರೂಪದಲ್ಲಂತೂ ನಾವು ಕಳಿಸಿದ ಅಂಕ ಮಾತ್ರ ಕಾಲೇಜಿಗೆ ಗೊತ್ತಾಗುತ್ತೆ.

ಈಗ ನಮ್ಮ ಕ್ಯಾಟ್ ನೋಡಿ. ವರ್ಷಕ್ಕೆ ಒಂದೇ ಸಲ. ಆ ದಿನ ಜ್ವರ ಬಂತೋ, ಮುಂದಿನ ವರ್ಷವೇ ಗತಿ. ಅದೇ ವರ್ಷ ಎರಡನೇ ಸಲ ಬರೆದ ಉದಾಹರಣೆಗಳೂ ಇವೆ, ಆದರೆ ಅವು ಅವ್ಯವಸ್ಥೆಯ ಕತೆಗಳು. 2003ರ ನವೆಂಬರ್ 23ರಂದು ಪ್ರಶ್ನೆಪತ್ರಿಕೆ ಬಯಲಾಗಿ, ಲಕ್ಷಕ್ಕೂ ಹೆಚ್ಚು ಜನ 2004ರ ಫೆಬ್ರವರಿ 15ರಂದು ಮತ್ತೆ ಕೂರಬೇಕಾಯಿತು. ಚೆನ್ನಾಗಿ ಬರೆದವರಿಗೆ ಅದು ಎಂಥಾ ಸಂಕಟ! 2009ರಲ್ಲಿ ಕ್ಯಾಟ್ ಮೊದಲ ಸಲ ಕಂಪ್ಯೂಟರಿಗೆ ಬಂದಾಗ ಯಂತ್ರಗಳು ಕೈಕೊಟ್ಟವು, ವೈರಸ್ ಕಾರಣ ಅಂದರು. ತೊಂದರೆಯಾದವರಿಗೆ 2010ರ ಜನವರಿ ಕೊನೆಯಲ್ಲಿ ಮರುಪರೀಕ್ಷೆ ಆಯಿತು.

ಅಂದರೆ, ಎರಡನೇ ಅವಕಾಶಕ್ಕೆ ಒಂದೊಂದು ಕಡೆ ಒಂದೊಂದು ಬೆಲೆ. 2010ರ ಸುಮಾರಿಗೆ ಜಿಮ್ಯಾಟಿಗೆ 250 ಡಾಲರ್, ಆಗಿನ ಲೆಕ್ಕದಲ್ಲಿ ಹನ್ನೊಂದು ಸಾವಿರ ರೂಪಾಯಿಗೂ ಮೇಲೆ. ದುಡ್ಡಿದ್ದವನಿಗೆ ಒಂದು ತಿಂಗಳಲ್ಲಿ ಇನ್ನೊಂದು ಅವಕಾಶ. ಕ್ಯಾಟ್ ಫೀಸು ಅದಕ್ಕಿಂತ ಎಷ್ಟೋ ಕಡಿಮೆ, ಆದರೆ ಕೊಡಬೇಕಾದ್ದು ಒಂದಿಡೀ ವರ್ಷ. ಮನೆ ನಡೆಸಬೇಕಾದ ಹುಡುಗನಿಗೋ, ಮದುವೆಯ ಮಾತು ಶುರುವಾದ ಹುಡುಗಿಗೋ ಆ ವರ್ಷ ಡಾಲರಿಗಿಂತ ದುಬಾರಿ.

ಇನ್ನೊಂದು ವಿಷಯ. 200ರಿಂದ 800ರ ಹಳೆಯ ಜಿಮ್ಯಾಟಿನಲ್ಲಿ ಅಳತೆಯ ದೋಷವೇ 30-40 ಅಂಕದಷ್ಟು ಅಂತ ಒಪ್ಪಿಕೊಂಡಿದ್ದರು. ಅಂದರೆ ಅದೇ ಮನುಷ್ಯ, ಅಷ್ಟೇ ಬುದ್ಧಿ, ಬೇರೆ ದಿನ ಬೇರೆ ಅಂಕ. ಅಳತೆಗೋಲೇ ಇಷ್ಟು ಅಲುಗಾಡುವಾಗ ಇನ್ನೊಂದು ಸಲ ಅಳೆಸಿಕೊಳ್ಳೋದು ಸೋಲು ಹೇಗಾಗುತ್ತೆ? ನೆಂಟರು ಕೇಳಿದರೆ ಹೀಗೆ ಹೇಳಿ ನೋಡಿ :)

ನಮ್ಮಲ್ಲೂ ವರ್ಷಕ್ಕೆ ಎರಡು ಸಲ ಕ್ಯಾಟ್ ಇದ್ದರೆ ಒಳ್ಳೆಯದಾ, ಇಲ್ಲಾ ಕೋಚಿಂಗ್ ಸೆಂಟರಿನವರಿಗೆ ಮಾತ್ರ ಹಬ್ಬವಾ? ನೀವೇನಂತೀರಿ?