ಸಗಣಿಯ ತಕ್ಕಡಿ, ಸಿಲಿಂಡರಿನ ಗುರುತು

ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಪುರ ಎಂಬ ಸಣ್ಣ ಹಳ್ಳಿಯಲ್ಲಿ 1987ರ ಹೊತ್ತಿಗೆ ಬೆಳಗಿನ ಕೆಲಸಗಳ ಜೊತೆಗೆ ಹೊಸದೊಂದು ಸೇರಿಕೊಂಡಿತು. ಕೊಟ್ಟಿಗೆ ಬಾಚಿದ ಹೆಂಗಸರು, ಮಕ್ಕಳು ಸಗಣಿಯ ಮಂಕರಿ ಹೊತ್ತು ಊರೊಟ್ಟಿನ ಗೋಬರ್ ಗ್ಯಾಸ್ ಸ್ಥಾವರಕ್ಕೆ ಬರುತ್ತಿದ್ದರು. ಅಲ್ಲಿ ತೂಕವಾಗುತ್ತಿತ್ತು. ಯಾವ ಮನೆಯಿಂದ ಎಷ್ಟು ಕಿಲೋ ಎಂಬುದು ಲೆಕ್ಕಕ್ಕೆ ಬೀಳುತ್ತಿತ್ತು. ತಂದುಕೊಟ್ಟದ್ದಕ್ಕೆ ಕಿಲೋಗೆ 2 ಪೈಸೆ ಕೂಲಿ. ಅನಿಲ ಹೋದ ಮೇಲೆ ಉಳಿದ ಬಗ್ಗಡವೂ, ಯಾರು ಎಷ್ಟು ಕೊಟ್ಟಿದ್ದರೋ ಅದೇ ಲೆಕ್ಕದಲ್ಲಿ, ಅವರವರ ಹೊಲಕ್ಕೇ ಮರಳುತ್ತಿತ್ತು. ಆ ಅನಿಲದಿಂದ 5 ಕಿಲೋವಾಟಿನ ಜನರೇಟರ್ ತಿರುಗಿ ಮನೆಗಳಿಗೆ ದೀಪ ಬಂತು, ಕೊಳವೆ ಬಾವಿಯ ನೀರು ನಲ್ಲಿಗೆ ಏರಿತು.

ಈ ಏರ್ಪಾಡು ಒಂದೇ ಸಲಕ್ಕೆ ಕೈಗೂಡಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹುಟ್ಟಿದ 'ಆಸ್ತ್ರ' ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ, ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಬಿಡಾರ ಹೂಡಿ ಸುತ್ತಲ ಹಳ್ಳಿಗಳ ಇಂಧನದ ಲೆಕ್ಕವನ್ನು ಒಲೆಯಿಂದ ಒಲೆಗೆ ನಡೆದು ಬರೆದುಕೊಂಡಿತ್ತು. ಅದರ ಮುಂದಾಳು ಅಮೂಲ್ಯ ಕುಮಾರ್ ಎನ್. ರೆಡ್ಡಿ. ಪುರದಲ್ಲಿ ಮೊದಲು ಅಂದುಕೊಂಡದ್ದು ಅಡುಗೆಗೆ ಅನಿಲ ಕೊಡುವುದನ್ನು. ಊರಿನ ದನಗಳ ಸಗಣಿ ಅಷ್ಟೂ ಒಲೆಗಳಿಗೆ ಸಾಲಲಿಲ್ಲ, ಯೋಜನೆ ಬಿದ್ದುಹೋಯಿತು. ಆಮೇಲೆ ಊರವರನ್ನೇ ಕೇಳಿದಾಗ ಅವರು ಬೇಡಿದ್ದು ನೀರು, ದೀಪ. ಎರಡನೆಯ ಸಲ ಕೆಲಸ ನೆಲೆ ನಿಂತದ್ದಕ್ಕೆ ಎಂಜಿನ್ನಿನಷ್ಟೇ ಆ ತೂಕದ ಲೆಕ್ಕವೂ ಕಾರಣ ಎಂದು ಧಾರಾಳವಾಗಿ ಹೇಳಬಹುದು. ಅನಿಲ ಕಣ್ಣಿಗೆ ಕಾಣುವುದಿಲ್ಲ. ಕಾಣದ ವಸ್ತುವನ್ನು ನಂಬಬೇಕಾದರೆ ಅದು ಎಲ್ಲಿಂದ ಬಂತು, ಯಾರ ಕೈ ದಾಟಿ ಬಂತು ಎಂಬ ಬರವಣಿಗೆ ಬೇಕು.

ಇಂದು ತುಮಕೂರಿನ ಸಿಎನ್‌ಜಿ ಬಂಕಿನ ಮುಂದೆ ಸಾಲು ನಿಲ್ಲುವ ಆಟೋ, ಕಾರುಗಳ ಹೊಟ್ಟೆಗೆ ಇಳಿಯುವುದೂ ಬಹುಪಾಲು ಗೋಬರ್ ಗ್ಯಾಸಿನಲ್ಲಿ ಉರಿಯುವ ಅದೇ ಮೀಥೇನ್. ಬೇರೆಯಾದದ್ದು ಒತ್ತಡ. ಪುರದ ಸ್ಥಾವರದಲ್ಲಿ ಅನಿಲ ಹಿಡಿದಿಡುವ ತೇಲುವ ಡ್ರಮ್ಮಿನಡಿ ಅದರ ಒತ್ತಡವನ್ನು ನೀರಿನ ಎತ್ತರದ ಇಂಚುಗಳಲ್ಲಿ ಅಳೆಯುತ್ತಿದ್ದರು, ಡ್ರಮ್ಮನ್ನು ಎತ್ತಿ ಹಿಡಿಯುವಷ್ಟು ಮಾತ್ರ. ಕಾರಿನ ಚಕ್ರದಲ್ಲಿರುವ ಗಾಳಿಯ ಒತ್ತಡ ಸುಮಾರು 2 ಬಾರ್. ಸಿಎನ್‌ಜಿ ಸಿಲಿಂಡರಿನಲ್ಲಿ ಅದು 200 ಬಾರ್, ಅಂದರೆ ಚಕ್ರದ ನೂರರಷ್ಟು. 60 ಲೀಟರ್ ನೀರು ಹಿಡಿಯುವ ಸಿಲಿಂಡರಿಗೆ ಸುಮಾರು 9 ಕಿಲೋ ಅನಿಲವನ್ನು ತುರುಕಿದಾಗಿನ ಕಥೆ ಇದು.

ಈ ಸೀಮೆಯಲ್ಲಿ ಅನಿಲದ ನೆನಪು ಪುರಕ್ಕಿಂತಲೂ ಹಿಂದಕ್ಕೆ ಹೋಗುತ್ತದೆ. 1884ರಲ್ಲಿ ಹುಟ್ಟಿದ ಗುಬ್ಬಿಯ ಚನ್ನಬಸವೇಶ್ವರ ನಾಟಕ ಸಂಘ ಮುಂದೆ ಗುಬ್ಬಿ ವೀರಣ್ಣನವರ ಕೈಯಲ್ಲಿ ಕನ್ನಡನಾಡೆಲ್ಲ ತಿರುಗಿದ ಕಾಲಕ್ಕೆ, ಹಳ್ಳಿಯ ಜಾತ್ರೆ, ಮದುವೆ, ಬಯಲಾಟಗಳ ರಾತ್ರಿಯನ್ನು ಬೆಳಗುತ್ತಿದ್ದದ್ದು ಪೆಟ್ರೋಮ್ಯಾಕ್ಸ್. ಸೀಮೆಎಣ್ಣೆಯ ಆವಿ ಉರಿಯುವ ಆ ದೀಪವನ್ನು ಜನ ಕರೆದದ್ದು 'ಗ್ಯಾಸ್ ಲೈಟು' ಎಂದೇ. ಪಂಪು ಎಷ್ಟು ಒತ್ತಬೇಕು, ಮ್ಯಾಂಟಲ್ ಯಾವಾಗ ಬದಲಿಸಬೇಕು, ಯಾವ ದೀಪದ ತಳ ಸೋರುತ್ತದೆ ಎಂಬುದು ಅದನ್ನು ಹೊತ್ತು ನಿಲ್ಲುವವನಿಗೆ ಗೊತ್ತಿರುತ್ತಿತ್ತು. ಅವನ ಕೈಗೆ ಇದ್ದ ಪರಿಚಯವೇ ಸುರಕ್ಷತೆ.

ಎರಡನೆಯ ಮಹಾಯುದ್ಧದ ದಿನಗಳಲ್ಲಿ ಪೆಟ್ರೋಲಿಗೆ ರೇಷನ್ ಬಂದಾಗ ಮೈಸೂರು ಸಂಸ್ಥಾನದ ಖಾಸಗಿ ಬಸ್ಸುಗಳು ಬೆನ್ನಿಗೆ ಇದ್ದಿಲಿನಿಂದ ಅನಿಲ ತೆಗೆಯುವ ಒಲೆ ಕಟ್ಟಿಕೊಂಡವು. ಈ ಸೀಮೆಯಲ್ಲಿ ವಾಹನಕ್ಕೆ ಅನಿಲ ಕುಡಿಸಿದ ದೊಡ್ಡ ಪ್ರಯೋಗ ಇದು. ಹೊರಡುವುದಕ್ಕೆ ಎಷ್ಟೋ ಮುಂಚೆ ಕ್ಲೀನರ್ ಎದ್ದು ಇದ್ದಿಲು ತುಂಬಿ, ಗಾಳಿಯ ಚಕ್ರ ತಿರುಗಿಸಿ ಕೆಂಡ ಮಾಡಬೇಕು. ಏರು ಬಂದರೆ ಬಸ್ಸು ಏದುಸಿರು ಬಿಡುತ್ತಿತ್ತು, ಪ್ರಯಾಣಿಕರು ಇಳಿದು ತಳ್ಳಿದ್ದೂ ಉಂಟು. ಆ ಅನಿಲದಲ್ಲಿ ಇದ್ದ ಇಂಗಾಲದ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಉಸಿರಿಗೆ ಮಾತ್ರ ವಿಷ. ಆದರೂ ಬಸ್ಸು ಒಂದು, ಅದಕ್ಕೊಬ್ಬ ಡ್ರೈವರ್, ಒಬ್ಬ ಕ್ಲೀನರ್. ಯಾವ ಬೆಸುಗೆ ಬಿಟ್ಟಿದೆ ಎಂದು ಅವರಿಬ್ಬರಿಗೆ ತಿಳಿದಿದ್ದರೆ ಸಾಕಿತ್ತು. 1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳೊಡನೆ ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ ಆರಂಭವಾಯಿತು. ಪೆಟ್ರೋಲ್, ಡೀಸೆಲ್ ಸಲೀಸಾಗಿ ಸಿಗತೊಡಗಿದ ಮೇಲೆ ಇದ್ದಿಲ ಬಸ್ಸು ಅಜ್ಜಂದಿರ ಕಥೆಯಾಯಿತು.

ಅದೇ ವಿದ್ಯೆ ನಾಲ್ಕು ದಶಕಗಳ ಬಳಿಕ ಕುಣಿಗಲ್ ತಾಲ್ಲೂಕಿಗೇ ಬೇರೆ ರೂಪದಲ್ಲಿ ಬಂತು. ಕರೆಂಟ್ ಕಾಣದಿದ್ದ ಹೊಸಹಳ್ಳಿಯಲ್ಲಿ 1988ರಲ್ಲಿ ವಿಜ್ಞಾನ ಸಂಸ್ಥೆಯವರು ಸೌದೆಯಿಂದ ಅನಿಲ ತೆಗೆದು ಡೀಸೆಲ್ ಎಂಜಿನ್ನಿಗೆ ಕೊಟ್ಟು ದೀಪ ಹಚ್ಚಿದರು. ಮುಂದೆ ಜಿಲ್ಲೆಯ ಗುಬ್ಬಿ, ಕೊರಟಗೆರೆ, ಮಧುಗಿರಿ, ಶಿರಾ ಸೀಮೆಗಳಿಗೂ ಜೈವಿಕ ಇಂಧನದ ಯೋಜನೆ ಹರಡಿತು. ಕೊರಟಗೆರೆ ತಾಲ್ಲೂಕಿನ ಕಬ್ಬಿಗೆರೆಯ ಸೌದೆ ಅನಿಲ ಸ್ಥಾವರ ವಿದ್ಯುತ್ ಜಾಲಕ್ಕೇ ಕರೆಂಟ್ ಕೊಟ್ಟಿತು.

ಆಮೇಲೆ ಬಂದದ್ದು ಪೈಪ್‌ಲೈನ್. ಮಹಾರಾಷ್ಟ್ರದ ಕರಾವಳಿಯ ದಾಭೋಲ್‌ನಿಂದ ಬೆಳಗಾವಿ, ಧಾರವಾಡ, ದಾವಣಗೆರೆ, ಚಿತ್ರದುರ್ಗ, ತುಮಕೂರು ಜಿಲ್ಲೆಗಳನ್ನು ಹಾದು ಬೆಂಗಳೂರು ಮುಟ್ಟುವ, ಸುಮಾರು 1,000 ಕಿಲೋಮೀಟರಿನ ಗೇಲ್ ಕೊಳವೆ 2013ರಲ್ಲಿ ಚಾಲೂ ಆಯಿತು. ತುಮಕೂರು ಜಿಲ್ಲೆಗೆ ಅನಿಲ ಹಂಚುವ ಹೊಣೆ ಮೇಘಾ ಎಂಜಿನಿಯರಿಂಗ್ ಕಂಪನಿಗೆ ಸಿಕ್ಕಿತು. ಇದರೊಂದಿಗೆ ಅನಿಲ ಊರಿನ ಮಾತಾಗಿ ಉಳಿಯಲಿಲ್ಲ. ಕೊಳವೆಗೆ ನೇರ ಹೊಂದಿಕೊಂಡ ತಾಯಿ ಬಂಕಿನಲ್ಲಿ ಕಂಪ್ರೆಸರ್ ಅದನ್ನು ಸುಮಾರು 250 ಬಾರ್‌ವರೆಗೆ ಒತ್ತುತ್ತದೆ. ಕೊಳವೆ ಮುಟ್ಟದ ಮರಿ ಬಂಕುಗಳಿಗೆ ಅದೇ ಅನಿಲ ಸಿಲಿಂಡರುಗಳ ಗೊಂಚಲಾಗಿ ಲಾರಿಯ ಮೇಲೆ ಹೋಗುತ್ತದೆ. ಕುಣಿಗಲ್ ಮೇಲೆ ಹಾಸನಕ್ಕೆ ಹೋಗುವ ಹೆದ್ದಾರಿಯಲ್ಲಿ, ಗುಬ್ಬಿಯ ಬಿ.ಎಚ್. ರಸ್ತೆಯಲ್ಲಿ ರಾತ್ರಿ ಹನ್ನೊಂದಕ್ಕೆ ಬಂದು ನಿಲ್ಲುವ ಕಾರು ಯಾವ ಜಿಲ್ಲೆಯದೋ, ಅದರ ಡಿಕ್ಕಿಯಲ್ಲಿರುವ ಸಿಲಿಂಡರ್ ಯಾವ ಕಾಲದ್ದೋ. ಕ್ಲೀನರನಿಗೆ ತನ್ನ ಬಸ್ಸಿನ ಪರಿಚಯವಿದ್ದಂತೆ ನಾಜಲ್ ಹಿಡಿದ ಹುಡುಗನಿಗೆ ಆ ಸಿಲಿಂಡರಿನ ಪರಿಚಯವಿಲ್ಲ.

ಹಾಗೆಂದು ಸಿಲಿಂಡರಿಗೆ ಜಾತಕ ಇಲ್ಲದಿಲ್ಲ. ಪ್ರತಿ ಸಿಲಿಂಡರಿನ ಹೆಗಲ ಮೇಲೆ ಅದರ ನಂಬರು, ತಯಾರಾದ ದಿನಾಂಕ, ಖಾಲಿ ತೂಕ, ಪರೀಕ್ಷೆಯ ಒತ್ತಡ ಎಲ್ಲವನ್ನೂ ಉಕ್ಕಿನಲ್ಲೇ ಅಚ್ಚೊತ್ತಿರುತ್ತಾರೆ. ಅಡುಗೆಮನೆಯ ಎಲ್‌ಪಿಜಿ ಸಿಲಿಂಡರಿನಲ್ಲೂ ಹಿಡಿಯ ಪಟ್ಟಿಯ ಒಳಬದಿ 'ಬಿ-27' ಎಂಬಂಥ ಬರಹ ಇರುತ್ತದೆ. 'ಎ' ಎಂದರೆ ಮಾರ್ಚ್‌ವರೆಗೆ, 'ಬಿ' ಜೂನ್‌ವರೆಗೆ, 'ಸಿ' ಸೆಪ್ಟೆಂಬರ್, 'ಡಿ' ಡಿಸೆಂಬರ್. ಮುಂದಿನ ಅಂಕಿ ವರ್ಷ. ಸಿಲಿಂಡರ್ ಮತ್ತೆ ಪರೀಕ್ಷೆಗೆ ಹೋಗಬೇಕಾದ ಗಡುವು ಅದು. ಮನೆಯ ಹೆಂಗಸರಿಗೆ ಇದನ್ನು ಓದಲು ಯಾರೂ ಕಲಿಸುವುದಿಲ್ಲ ಎಂಬುದು ಬೇಸರದ ಸಂಗತಿ. ಸೀರೆಯ ಬೆಲೆಯ ಚೀಟಿಗಿಂತ ಮುಖ್ಯವಾದ ಬರಹ ಅದು.

ವಾಹನದ ಸಿಎನ್‌ಜಿ ಸಿಲಿಂಡರಿಗೆ 3 ವರ್ಷಕ್ಕೊಮ್ಮೆ ಹೈಡ್ರೋ ಟೆಸ್ಟ್ ಆಗಬೇಕು. ಇದನ್ನೆಲ್ಲ ನೋಡಿಕೊಳ್ಳುವುದು ನಾಗಪುರದಲ್ಲಿ ಮುಖ್ಯ ಕಚೇರಿ ಇರುವ ಪೆಟ್ರೋಲಿಯಂ ಮತ್ತು ಸ್ಫೋಟಕ ಸುರಕ್ಷತಾ ಸಂಸ್ಥೆ, ಅಂದರೆ 'ಪೆಸೊ'. ಸಿಲಿಂಡರನ್ನು ಬಿಚ್ಚಿ, ನೀರು ತುಂಬಿ, 334 ಬಾರ್‌ವರೆಗೆ ಒತ್ತುತ್ತಾರೆ. ನೀರು ಏಕೆಂದರೆ ಅದು ಒತ್ತಿದರೂ ಅಷ್ಟಾಗಿ ಕುಗ್ಗದು. ಲೋಹ ಬಿರಿದರೆ ಅನಿಲದಂತೆ ಸಿಡಿಯದೆ ನೀರು ಚಿಮ್ಮಿ ಸುಮ್ಮನಾಗುತ್ತದೆ. ಒತ್ತಡಕ್ಕೆ ಉಬ್ಬಿದ ಲೋಹ ಒತ್ತಡ ಇಳಿದ ಮೇಲೆ ಮೊದಲಿನ ಅಳತೆಗೆ ಮರಳಬೇಕು. ಉಬ್ಬಿನ ಹತ್ತನೆಯ ಒಂದು ಭಾಗಕ್ಕಿಂತ ಹೆಚ್ಚು ಹಾಗೇ ಉಳಿದುಬಿಟ್ಟರೆ ಆ ಸಿಲಿಂಡರ್ ಗುಜರಿಗೆ. ಪಾಸಾದದ್ದಕ್ಕೆ ಪ್ರಮಾಣಪತ್ರ, ವಾಹನಕ್ಕೊಂದು ಪುಟ್ಟ ಪ್ಲೇಟು.

ತೊಡಕು ಇರುವುದು ಆ ಪ್ಲೇಟಿನಲ್ಲೇ. ಧೂಳು ಮೆತ್ತಿರುತ್ತದೆ, ಅಕ್ಷರ ಸವೆದಿರುತ್ತದೆ, ಹಿಂದಿನ ಗಾಡಿಯವನು ಹಾರ್ನ್ ಒತ್ತುತ್ತಿರುತ್ತಾನೆ. ಒಂದು ಗಾಡಿಯ ಪ್ಲೇಟು ಇನ್ನೊಂದಕ್ಕೆ ಹತ್ತಿಸುವುದು ಕಷ್ಟವೇನಲ್ಲ. ಇದೆಲ್ಲಕ್ಕಿಂತ ಭಯದ್ದು ಬೇರೆ ಕೆಲಸಕ್ಕೆ ಮಾಡಿದ ಸಿಲಿಂಡರಿಗೆ ಬಣ್ಣ ಬಳಿದು ಕೂರಿಸುವುದು. ಅಡುಗೆಯ ಎಲ್‌ಪಿಜಿ ಸಿಲಿಂಡರನ್ನು ಪರೀಕ್ಷಿಸುವ ಒತ್ತಡ ಸುಮಾರು 25 ಬಾರ್ ಮಾತ್ರ. ಅಂಥದ್ದಕ್ಕೆ 200 ಬಾರ್ ಕೊಟ್ಟರೆ ಏನಾಗುತ್ತದೆಂದು ಹೇಳಬೇಕಿಲ್ಲ. ಸಿಲಿಂಡರಿನ ಮೇಲೆ ಒತ್ತಡ ತುತ್ತತುದಿಗೇರುವುದು ತುಂಬಿಸುವ ಗಳಿಗೆಯಲ್ಲೇ. ಪ್ರಯಾಣಿಕರೆಲ್ಲ ಇಳಿದು ದೂರ ನಿಲ್ಲಬೇಕೆಂಬ ನಿಯಮ ಬಂಕಿನವರ ಜಬರ್ದಸ್ತಿ ಅಲ್ಲ.

ಪೆರು ದೇಶ ಈ ತೊಡಕನ್ನು ಬೇರೆ ಬಗೆಯಲ್ಲಿ ಬಿಡಿಸಿತು. 2004ರಲ್ಲಿ ಕಮಿಸಿಯಾ ನಿಕ್ಷೇಪದ ಅನಿಲ ರಾಜಧಾನಿ ಲಿಮಾ ಮುಟ್ಟಿದ ಮೇಲೆ, ಅಲ್ಲಿ ಅನಿಲಕ್ಕೆ ಬದಲಾದ ಪ್ರತಿ ವಾಹನಕ್ಕೂ ಒಂದು ಚಿಪ್ ಕೂರಿಸಿದರು. ಬಂಕಿನ ಯಂತ್ರ ಮೊದಲು ಆ ಚಿಪ್ಪನ್ನು ಓದುತ್ತದೆ. ವರ್ಷದ ತಪಾಸಣೆ ಆಗಿದೆಯೇ, ಸಿಲಿಂಡರಿನ ಪರೀಕ್ಷೆಯ ಗಡುವು ಮುಗಿದಿದೆಯೇ ಎಂದು ಕೇಂದ್ರದ ದಾಖಲೆಯನ್ನು ಕೇಳುತ್ತದೆ. ಉತ್ತರ ಸರಿಯಿದ್ದರೆ ಮಾತ್ರ ವಾಲ್ವ್ ತೆರೆದು ಅನಿಲ ಬಿಡುತ್ತದೆ. 'ಬಿಟ್ಟುಬಿಡಪ್ಪ, ನಾಳೆ ಮಾಡಿಸ್ತೀನಿ' ಎಂಬ ಮಾತು ಆ ಯಂತ್ರದ ಮುಂದೆ ನಡೆಯದು. ಇಡೀ ವ್ಯವಸ್ಥೆಯನ್ನು ನೋಡಿಕೊಂಡದ್ದು ಅಲ್ಲಿನ ಸರ್ಕಾರಿ ಅಭಿವೃದ್ಧಿ ಬ್ಯಾಂಕ್ ಕೊಫಿಡೆ. ಗಾಡಿ ಬದಲಿಸಲು ಕೊಟ್ಟ ಸಾಲದ ಕಂತು ಕೂಡ ಅನಿಲ ತುಂಬಿಸುವಾಗಲೇ ಇಷ್ಟಿಷ್ಟು ಕಡಿತವಾಗುತ್ತಿತ್ತು. ಚಿಪ್ ಚಾಲಕನಿಗೂ ಬೇಕಾದದ್ದು ಇದರಿಂದಲೇ. ಕಾವಲಿಗೆ ಬಂದದ್ದು ಸಾಲಕ್ಕೂ ಜಾಮೀನಾಯಿತು.

ತುಮಕೂರಿನವರಿಗೆ ಈ ತಂತ್ರ ಹೊಸದೇನಲ್ಲ. 2021ರ ಫೆಬ್ರುವರಿಯಿಂದ ಹೆದ್ದಾರಿಯ ಟೋಲ್‌ಗಳಲ್ಲಿ ಫಾಸ್ಟ್ಯಾಗ್ ಕಡ್ಡಾಯವಾಯಿತು. ಗಾಜಿಗೆ ಅಂಟಿದ ಆ ಚೀಟಿಯೊಳಗಿನ ರೇಡಿಯೋ ಚಿಪ್ಪೇ ಬಂಕಿನಲ್ಲೂ ಬೇಕಾದದ್ದು. 2022ರ ನವೆಂಬರಿನಲ್ಲಿ ಎಲ್‌ಪಿಜಿ ಸಿಲಿಂಡರುಗಳಿಗೂ ಕ್ಯೂಆರ್ ಕೋಡ್ ಹಾಕುವುದಾಗಿ ಕೇಂದ್ರದ ಪೆಟ್ರೋಲಿಯಂ ಸಚಿವರು ಪ್ರಕಟಿಸಿದರು. ಪುರದಂಥ ಊರುಗಳ ಹಸುಗಳ ಕಿವಿಯಲ್ಲಿ ಈಗ 12 ಅಂಕಿಯ ಹಳದಿ ಬಿಲ್ಲೆ ತೂಗುತ್ತದೆ. ಲಸಿಕೆ ಯಾವಾಗ ಬಿತ್ತು ಎಂಬುದು ಆ ನಂಬರಿನಡಿ ದಾಖಲಾಗುತ್ತದೆ. ಸಗಣಿ ಕೊಡುವ ಹಸುವಿಗೆ ಸಿಕ್ಕ ಗುರುತು, 200 ಬಾರ್ ಒತ್ತಡ ಹೊತ್ತು ಮನೆಮಂದಿಯ ಬೆನ್ನ ಹಿಂದೆ ಕೂರುವ ಸಿಲಿಂಡರಿಗೂ ಸಿಗಲೇಬೇಕು.

ಚಿಪ್ಪನ್ನು ಎಲ್ಲಿ ಕೂರಿಸಬೇಕು ಎಂಬುದು ಸಣ್ಣ ಪ್ರಶ್ನೆಯಲ್ಲ. ವಾಹನಕ್ಕೆ ಮಾತ್ರ ಅಂಟಿಸಿದರೆ ಒಳಗಿನ ಸಿಲಿಂಡರ್ ಬದಲಾದದ್ದು ತಿಳಿಯದು. ಸಿಲಿಂಡರಿಗೆ ಮಾತ್ರ ಅಂಟಿಸಿದರೆ ಡಿಕ್ಕಿಯೊಳಗಿಂದ ಓದುವುದು ಕಷ್ಟ. ಎರಡಕ್ಕೂ ಹಾಕಿ, ಪರೀಕ್ಷೆಯ ದಿನ ಎರಡನ್ನೂ ಒಂದೇ ದಾಖಲೆಗೆ ಗಂಟು ಹಾಕಬೇಕು. ಗಂಟು ಹಾಕುವವನು ಪರೀಕ್ಷಾ ಕೇಂದ್ರದಲ್ಲಿ ಕೂತ ಮನುಷ್ಯ. ಸಿಲಿಂಡರ್ ಬಿಚ್ಚದೆಯೇ ಅವನು 'ಪಾಸ್' ಎಂದು ಒತ್ತಿದರೆ ಬಂಕಿನ ಯಂತ್ರ ಅದನ್ನೇ ನಂಬುತ್ತದೆ. ಪುರದ ತಕ್ಕಡಿಯ ಮುಂದಾದರೋ ಮಂಕರಿ ತಂದವರೂ ನಿಂತಿರುತ್ತಿದ್ದರು, ಮುಳ್ಳು ಎಲ್ಲರಿಗೂ ಕಾಣುತ್ತಿತ್ತು. ಸಿಲಿಂಡರಿನ ದಾಖಲೆಯೂ ಗಾಡಿಯ ಮಾಲೀಕನ ಫೋನಿಗೆ ಬರುವಂತಾದರೆ, ಯಾವ ಕೇಂದ್ರ, ಯಾವ ದಿನ, ಲೋಹ ಎಷ್ಟು ಉಬ್ಬಿತ್ತು ಎಂಬುದನ್ನು ಅವನೂ ಓದಬಹುದು.

ತುಮಕೂರಿನ ಕೆಎ-06 ನಂಬರಿನ ಒಂದು ಸಿಎನ್‌ಜಿ ಕಾರು ತನ್ನ 15 ವರ್ಷದ ನೋಂದಣಿ ಮುಗಿಯುವುದರೊಳಗೆ ನಾಲ್ಕು ಸಲ ಹೈಡ್ರೋ ಟೆಸ್ಟಿಗೆ ಹೋಗಬೇಕು. ಆ ನಡುವೆ ಅದು ತುಮಕೂರಿನಿಂದ ಗುಬ್ಬಿಗೆ, ಗುಬ್ಬಿಯಿಂದ ಕುಣಿಗಲ್ಲಿಗೆ ಕೈ ಬದಲಿಸಿರಬಹುದು. ಕೊಂಡವನು ಎಂಜಿನ್ ಕೇಳಿಸಿಕೊಳ್ಳುತ್ತಾನೆ, ಟೈರು ಒದ್ದು ನೋಡುತ್ತಾನೆ. ಮಾರುವವನು ಡ್ಯಾಶ್‌ಬೋರ್ಡಿನ ಪೆಟ್ಟಿಗೆ ತೆರೆದು ಆರ್‌ಸಿ, ವಿಮೆಯ ಕಾಗದ ಕೊಡುತ್ತಾನೆ. ಅವುಗಳ ಅಡಿಯಲ್ಲಿ, ಮಡಿಸಿದ ಗೆರೆಯಲ್ಲೇ ಹರಿದು, ಸಿಲಿಂಡರಿನ ಪರೀಕ್ಷಾ ಪತ್ರ ಇರುತ್ತದೆ.