ಏಷ್ಯಾನೆಟ್

ಮಲಯಾಳದ ಮೊದಲ ಖಾಸಗಿ ಉಪಗ್ರಹ ವಾಹಿನಿ. ಪತ್ರಕರ್ತ ಶಶಿಕುಮಾರ್ 1993ರ ಆಗಸ್ಟ್‌ನಲ್ಲಿ ತಿರುವನಂತಪುರದಲ್ಲಿ ಆರಂಭಿಸಿದರು. ಅಲ್ಲಿಯವರೆಗೆ ಕೇರಳದ ಮನೆಗಳಲ್ಲಿ ಮಲಯಾಳಕ್ಕೆ ದೂರದರ್ಶನವೊಂದೇ ಗತಿ. ಭಾರತದ ನೆಲದಿಂದ ಉಪಗ್ರಹಕ್ಕೆ ಸಂಕೇತ ಏರಿಸಲು ಖಾಸಗಿಯವರಿಗೆ ಆಗ ಅನುಮತಿಯಿರಲಿಲ್ಲ. ಹೀಗಾಗಿ ಕೇರಳದಲ್ಲಿ ತಯಾರಾದ ಕಾರ್ಯಕ್ರಮ ವಿದೇಶ ಸುತ್ತಿಕೊಂಡು ಪಕ್ಕದ ಮನೆಯ ಪರದೆಗೆ ಬರಬೇಕಿತ್ತು! ಸ್ಟುಡಿಯೊ ನಗರದ ಹೊರವಲಯದ ಪುಳಿಯರಕೋಣಂನಲ್ಲಿತ್ತು. ಸಿನಿಮಾ ಮಂದಿಯನ್ನೂ ರಾಜಕಾರಣಿಗಳನ್ನೂ ಅಣಕಿಸುತ್ತಿದ್ದ 'ಸಿನಿಮಾಲ' ಎರಡು ದಶಕ ಓಡಿತು. ಟಿ. ಎನ್. ಗೋಪಕುಮಾರ್ ನಡೆಸಿದ 'ಕಣ್ಣಾಡಿ' ನೊಂದವರ ಕಷ್ಟಗಳನ್ನು ಮುಂದಿಡುತ್ತಿತ್ತು. ಹೆಸರಿನ ಅರ್ಥವನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಿಲ್ಲ. ಇದೇ ಸಂಸ್ಥೆ 2007ರಲ್ಲಿ ಬೆಂಗಳೂರಿಗೆ ಬಂದು ಕನ್ನಡದ 'ಸುವರ್ಣ' ವಾಹಿನಿಯನ್ನು ತೆರೆಯಿತು. ಮರುವರ್ಷ ಸ್ಟಾರ್ ಸಮೂಹ ಇದರ ಮನರಂಜನಾ ವಾಹಿನಿಗಳಲ್ಲಿ ಪಾಲು ಪಡೆಯಿತು. ಸುದ್ದಿವಾಹಿನಿ ಬೇರೆಯಾಗಿಯೇ ಉಳಿಯಿತು.